ಮನೆಯ ಎಸ್ಪ್ರೆಸೊ: ಗ್ರೈಂಡರಿನ ಅಂಕಿ ಒಂದೇ, ಕಾಫಿ ಮಾತ್ರ ದಿನಕ್ಕೊಂದು ಬಗೆ. ತಪ್ಪು ಎಲ್ಲಿದೆ?

ಹೊಸ_ಗುಟುಕು (ಮೈಸೂರು), ಶನಿವಾರ ಬೆಳಿಗ್ಗೆ 7.40

ಎಲ್ಲರಿಗೂ ನಮಸ್ಕಾರ. ಎರಡು ತಿಂಗಳ ಹಿಂದೆ ಮನೆಗೆ ಸಣ್ಣದೊಂದು ಎಸ್ಪ್ರೆಸೊ ಯಂತ್ರ ತಂದೆ. ಕಳೆದ ವಾರ, ಒಬ್ಬರು ಬಳಸಿ ಮಾರಲಿಟ್ಟಿದ್ದ ಕಾಫಿ ಗ್ರೈಂಡರನ್ನೂ ಅರ್ಧ ಬೆಲೆಗೆ ಕೊಂಡೆ. (ಮನೆಯಲ್ಲಿ ದೋಸೆಗೆ ರುಬ್ಬುವುದು ಚೆನ್ನಾಗಿಯೇ ಇರುವಾಗ ಇನ್ನೊಂದು ಗ್ರೈಂಡರ್ ಏಕೆ ಎಂದು ಅಮ್ಮ ಕೇಳಿದರು. ಪೆಟ್ಟಿಗೆ ತೆರೆದು ನೋಡಿದ ಮೇಲೆ, ಇದರಲ್ಲಿ ಒಂದು ಹಿಡಿ ಉದ್ದಿನಬೇಳೆಗೂ ಜಾಗವಿಲ್ಲವಲ್ಲ ಎಂದು ಪೇಚಾಡಿಕೊಂಡರು.) ಇದರಲ್ಲಿ 1ರಿಂದ 40ರವರೆಗೆ ಅಂಕಿಗಳಿದ್ದು, ಅಂಕಿ ಇಳಿದಷ್ಟೂ ಪುಡಿ ನುಣ್ಣಗಾಗುತ್ತದೆ.

ಇದೇ ಮಾದರಿಯ ಬಗ್ಗೆ ಒಂದು ವೀಡಿಯೊದಲ್ಲಿ 8ಕ್ಕೆ ಇಡಿ ಎಂದಿದ್ದರು. 8ರಲ್ಲಿ ಒಂದು ಹನಿಯೂ ಇಳಿಯಲಿಲ್ಲ. ಆದ್ದರಿಂದ ಮೇಲಿನಿಂದ ಬರೋಣವೆಂದು 12ಕ್ಕೆ ಇಟ್ಟೆ. 13 ಸೆಕೆಂಡುಗಳಲ್ಲಿ ನಲ್ಲಿ ಬಿಟ್ಟಂತೆ ಸುರಿಯಿತು, ರುಚಿ ಹುಣಸೆನೀರಿನಂತಿತ್ತು. 11ರಲ್ಲಿ 14 ಸೆಕೆಂಡು, 10ರಲ್ಲಿ ಮತ್ತೆ 13 ಸೆಕೆಂಡು. 9ಕ್ಕೆ ಇಳಿಸಿದೊಡನೆ ಯಂತ್ರ ಗೊರಗೊರ ಎಂದು ನಿಂತೇಹೋಯಿತು. ಸರಿ, ಒಂದು ಮೆಟ್ಟಿಲು ಹಿಂದಕ್ಕೆ ಹೋಗೋಣವೆಂದು ಪುನಃ 10ಕ್ಕೆ ತಂದರೆ ಈ ಬಾರಿ 10ರಲ್ಲಿಯೂ ಕಟ್ಟಿಕೊಂಡಿತು. ಹತ್ತು ನಿಮಿಷದ ಹಿಂದೆ 13 ಸೆಕೆಂಡಿನಲ್ಲಿ ಸುರಿದ ಅದೇ 10!

250 ಗ್ರಾಂ ಪೊಟ್ಟಣದಲ್ಲಿ 13 ಬಾರಿಗಷ್ಟೇ ಬೀಜ ಬರುತ್ತದೆ. ಅದರಲ್ಲಿ 9 ಬಾರಿಯದು ಆಗಲೇ ಕರಿಬೇವಿನ ಗಿಡದ ಬುಡ ಸೇರಿದೆ. ದಯವಿಟ್ಟು ದಾರಿ ತೋರಿಸಿ.

ಇಪ್ಪತ್ತೈದು_ಸೆಕೆಂಡು (ಬೆಂಗಳೂರು)

ಮೊದಲು ತಿಳಿಯಬೇಕಾದದ್ದು, ನೀವು ತೂಕ ಮಾಡುತ್ತಿದ್ದೀರೋ ಇಲ್ಲವೋ ಎಂಬುದು. ಬಾಸ್ಕೆಟ್ಟಿಗೆ (ಯಂತ್ರದಲ್ಲಿ ಪುಡಿ ತುಂಬುವ, ತಳದಲ್ಲಿ ತೂತುಗಳಿರುವ ಬಟ್ಟಲಿಗೆ) ಪ್ರತಿ ಸಲವೂ 18 ಗ್ರಾಂ ಪುಡಿ ಹಾಕಿ, ಲೋಟದ ಕೆಳಗೆ ತಕ್ಕಡಿ ಇಟ್ಟು 36 ಗ್ರಾಂ ಕಾಫಿ ಇಳಿದೊಡನೆ ನಿಲ್ಲಿಸಿ, ಆಗ ಎಷ್ಟು ಸೆಕೆಂಡು ಹಿಡಿಯಿತೆಂದು ನೋಡಿ. ಪುಡಿಯ ತೂಕವನ್ನೂ ಇಳಿದ ಕಾಫಿಯ ತೂಕವನ್ನೂ ಕಟ್ಟಿಹಾಕದೆ ಗ್ರೈಂಡರ್ ಮಾತ್ರ ತಿರುಗಿಸುತ್ತ ಹೋದರೆ, ಏನು ಬದಲಾದ್ದರಿಂದ ಏನಾಯಿತೆಂಬುದು ದೇವರಿಗೂ ತಿಳಿಯುವುದಿಲ್ಲ. ಒಂದು ಗ್ರಾಂ ಪುಡಿ ಹೆಚ್ಚಾದರೂ ಹಲವು ಸೆಕೆಂಡುಗಳ ವ್ಯತ್ಯಾಸವಾಗುತ್ತದೆ. 25ರಿಂದ 30 ಸೆಕೆಂಡಿನೊಳಗೆ ಬಂದರೆ ಸರಿ, ಬೇಗ ಬಂದರೆ ನುಣ್ಣಗೆ ಮಾಡಿ, ತಡವಾದರೆ ತರಿ ಮಾಡಿ. ಇಷ್ಟೇ ವಿಷಯ.

ಲೋಟ_ಬಟ್ಟಲು

ಇಷ್ಟೇ ವಿಷಯವಾಗಿದ್ದರೆ ಈ ವೇದಿಕೆಯೇ ಇರುತ್ತಿರಲಿಲ್ಲ.

ಹೊಸ_ಗುಟುಕು

ಬೀಜವನ್ನು 18 ಗ್ರಾಂ ತೂಗಿಯೇ ಗ್ರೈಂಡರಿಗೆ ಹಾಕುತ್ತಿದ್ದೇನೆ. ಹೊರಬಂದ ಪುಡಿಯನ್ನು ಮಾತ್ರ ತೂಗಿಲ್ಲ, ಒಳಗೆ ಹೋದದ್ದು ಹೊರಗೆ ಬರಲೇಬೇಕಲ್ಲವೇ?

ನಾಲಗೆಯೇ_ಸಾಕ್ಷಿ (ಧಾರವಾಡ)

ಇಪ್ಪತ್ತೈದು_ಸೆಕೆಂಡು ಅವರ ಹೆಸರಿನಲ್ಲಿಯೇ ಅವರ ಸಿದ್ಧಾಂತವಿದೆ, ಆದ್ದರಿಂದ ವಾದಿಸಿ ಫಲವಿಲ್ಲವೆಂದು ಗೊತ್ತಿದ್ದೂ ಬರೆಯುತ್ತೇನೆ. ಗಡಿಯಾರ ನೋಡಿ ಕಾಫಿ ಕುಡಿಯುವವರು ಯಾರೂ ಇಲ್ಲ. ನನ್ನ ಮನೆಯಲ್ಲಿ ಒಂದು ಪೊಟ್ಟಣ 21 ಸೆಕೆಂಡಿನಲ್ಲಿ ಅದ್ಭುತವಾಗಿತ್ತು, ಇನ್ನೊಂದು 34 ಸೆಕೆಂಡು ತಲುಪುವವರೆಗೂ ಹುಳಿ ಬಿಡಲಿಲ್ಲ. ಹುಳಿ ಮುಂದಾಗಿ ನೀರುನೀರಾಗಿದ್ದರೆ ನುಣ್ಣಗೆ ಬೀಸಿ. ಕಹಿಯಾಗಿ, ಅಡಿಕೆ ಚೊಗರಿನಂತೆ ನಾಲಗೆ ಒಣಗಿಸಿದರೆ ತರಿಯಾಗಿಸಿ. ಎರಡೂ ಒಟ್ಟಿಗೆ ಇದ್ದರೆ, ಅಂದರೆ ಮೊದಲು ಹುಳಿ ಆಮೇಲೆ ಒಗರು ಎನಿಸಿದರೆ, ನೀರು ಪುಡಿಯ ನಡುವೆ ಬಿರುಕು ಮಾಡಿಕೊಂಡು ಒಂದೇ ಕಡೆ ಹರಿದಿದೆ ಎಂದರ್ಥ. ಅದಕ್ಕೆ ಗ್ರೈಂಡರ್ ತಿರುಗಿಸುವುದು ಮದ್ದಲ್ಲ. ತೆಳುವಾದ ಸೂಜಿಗಳಿಂದ ಪುಡಿಯ ಗಂಟು ಬಿಡಿಸಿ, ಸಮನಾಗಿ ಹರಡಿ, ನೆಟ್ಟಗೆ ಒತ್ತಬೇಕು.

ಇಪ್ಪತ್ತೈದು_ಸೆಕೆಂಡು

ನಾಲಗೆ ಬೇಡವೆಂದು ನಾನು ಎಲ್ಲಿಯೂ ಹೇಳಿಲ್ಲ. ಆದರೆ ಒಂದೇ ಬೆಳಿಗ್ಗೆ ಐದು ಎಸ್ಪ್ರೆಸೊ ಕುಡಿದ ಮನುಷ್ಯನ ನಾಲಗೆಯನ್ನು ಯಾವ ನ್ಯಾಯಾಲಯವೂ ಸಾಕ್ಷಿಯಾಗಿ ಒಪ್ಪುವುದಿಲ್ಲ. ಹೊಸಬರಿಗೆ ಹುಳಿ ಮತ್ತು ಕಹಿಯ ವ್ಯತ್ಯಾಸ ಗುರುತಿಸುವುದೇ ಕಷ್ಟ; ನನಗೆ ಮೊದಲ ಮೂರು ತಿಂಗಳು ಎರಡೂ ಬರೀ ‘ಖಾರ’ ಎನಿಸುತ್ತಿತ್ತು. ಗಡಿಯಾರ ನಿಮ್ಮನ್ನು ಊರಿನ ಬಾಗಿಲವರೆಗೆ ತಂದುಬಿಡುತ್ತದೆ, ಬೀದಿ ಹುಡುಕುವ ಕೆಲಸ ನಾಲಗೆಯದು.

ತೋಟದ_ಮನೆ (ಬಾಳೆಹೊನ್ನೂರು ಕಡೆ)

ಯಂತ್ರ, ತಕ್ಕಡಿ, ಗಡಿಯಾರ ಎಲ್ಲದರ ಬಗ್ಗೆಯೂ ಮಾತಾಯಿತು. ಬೀಜ ಯಾವುದು, ಹುರಿದು ಎಷ್ಟು ದಿನವಾಯಿತು ಎಂದು ಈವರೆಗೆ ಒಬ್ಬರೂ ಕೇಳಲಿಲ್ಲ. ಬೆಳೆಯುವವರಿಗೆ ಸ್ವಲ್ಪ ಬೇಸರವಾಗುತ್ತದೆ.

ಹುರಿದ ಬೀಜದೊಳಗೆ ಇಂಗಾಲದ ಡೈಆಕ್ಸೈಡ್ ತುಂಬಿರುತ್ತದೆ. ಹುರಿದ ಮೂರನೆಯ ದಿನವೇ ಬೀಸಿದರೆ ಆ ಅನಿಲ ನೀರನ್ನು ತಳ್ಳುತ್ತ, ಲೋಟದ ತುಂಬ ನೊರೆ ಬರಿಸುತ್ತ, ಇಂದಿನ ಅಂಕಿಯನ್ನು ನಾಳೆಗೆ ಸುಳ್ಳು ಮಾಡುತ್ತದೆ. ಎಸ್ಪ್ರೆಸೊಗೆ ಬೀಜವನ್ನು ಒಂದರಿಂದ ಎರಡು ವಾರ ಸುಮ್ಮನೆ ಬಿಡುವುದು ಒಳ್ಳೆಯದು. ಎರಡು ತಿಂಗಳಾದ ಬೀಜದ ಕಥೆ ಇದಕ್ಕೆ ವಿರುದ್ಧ: ನೀರು ತಡೆಯಿಲ್ಲದೆ ಓಡುತ್ತದೆ, ಎಷ್ಟು ನುಣ್ಣಗೆ ಮಾಡಿದರೂ ಸಾಲದು. ಹುರಿತವೂ ಮುಖ್ಯ. ಕಪ್ಪಾಗಿ ಹುರಿದ ಬೀಜ ಹಗುರ, ಗರಿಗರಿ, ಬೇಗ ಸಾರ ಬಿಡುತ್ತದೆ, ಆದ್ದರಿಂದ ಸ್ವಲ್ಪ ತರಿ ಇದ್ದರೂ ನಡೆಯುತ್ತದೆ. ತಿಳಿಯಾಗಿ ಹುರಿದದ್ದು ಗಟ್ಟಿ, ಅದಕ್ಕೆ ನುಣುಪು ಬೇಕು.

ನಮ್ಮ ತೋಟದಲ್ಲಿ ಎಸ್.795 ಮತ್ತು ಚಂದ್ರಗಿರಿ ಎಂಬ ಅರೇಬಿಕಾ ತಳಿಗಳೆರಡೂ ಇವೆ, ಅಂಚಿನಲ್ಲಿ ಒಂದಿಷ್ಟು ರೊಬಸ್ಟಾ. ಒಂದೇ ದಿನ ಒಂದೇ ಬಣ್ಣಕ್ಕೆ ಹುರಿದರೂ ಅರೇಬಿಕಾದಿಂದ ರೊಬಸ್ಟಾಗೆ ಬದಲಿಸಿದಾಗ ನನ್ನ ಗ್ರೈಂಡರಿನಲ್ಲಿ ಎರಡು ಅಂಕಿ ಸರಿಸಬೇಕಾಗುತ್ತದೆ. ಕರಾವಳಿಯ ಮಳೆಗಾಳಿಗೆ ಹರಡಿ ಉಬ್ಬಿಸಿದ ಮಾನ್ಸೂನ್ಡ್ ಮಲಬಾರ್ ತಂದಾಗಲಂತೂ ಹಳೆಯ ಲೆಕ್ಕವನ್ನೇ ಮರೆಯಬೇಕು. ನಾನು ಅದನ್ನು ಬಹಳ ನುಣ್ಣಗೆ ಬೀಸುತ್ತೇನೆ. ಹೀಗಿರುವಾಗ ಯಾವುದೋ ದೇಶದಲ್ಲಿ, ಯಾವುದೋ ಬೀಜಕ್ಕೆ, ವೀಡಿಯೊದವರು ಹೇಳಿದ 8 ಎಂಬ ಅಂಕಿಗೆ ನಿಮ್ಮ ಅಡುಗೆಮನೆಯಲ್ಲಿ ಬೆಲೆಯೇನು?

ಹೊಸ_ಗುಟುಕು

ಕ್ಷಮಿಸಿ ಸರ್. ಚಿಕ್ಕಮಗಳೂರಿನ ಅರೇಬಿಕಾ, ಮಧ್ಯಮ ಹುರಿತ, ಪೊಟ್ಟಣದ ಮೇಲಿನ ದಿನಾಂಕದ ಪ್ರಕಾರ ಇಂದಿಗೆ 12 ದಿನ.

ತೋಟದ_ಮನೆ

ಹಾಗಾದರೆ ಬೀಜದ ಮೇಲೆ ದೂರಿಲ್ಲ. ಮುಂದುವರಿಸಿ.

ಫಿಲ್ಟರ್_ಪಕ್ಷ (ಬಸವನಗುಡಿ)

ಈ ಇಡೀ ತಾಪತ್ರಯ ಓದಿ ನಗು ಬಂತು. ನಮ್ಮ ಅಜ್ಜಿಯ ಮನೆಯಲ್ಲಿ ಹಲಗೆಗೆ ಸ್ಕ್ರೂ ಹೊಡೆದು ಕೂರಿಸಿದ ಕೈಯಂತ್ರವಿತ್ತು. ಮಕ್ಕಳು ಸರದಿಯ ಮೇಲೆ ಹಿಡಿ ತಿರುಗಿಸಬೇಕು, ಪುಡಿಯನ್ನು ಅಜ್ಜಿ ಬೆರಳ ನಡುವೆ ಉಜ್ಜಿ ನೋಡಿ ‘ಸರಿ’ ಎನ್ನಬೇಕು, ಅಷ್ಟೇ. ಅಂಕಿಯೂ ಇಲ್ಲ, ಸೆಕೆಂಡೂ ಇಲ್ಲ. ಈಗಲೂ ಬೀದಿ ತುದಿಯ ಕಾಫಿಪುಡಿ ಅಂಗಡಿಯಲ್ಲಿ ಪೀಬರಿ ಕೊಟ್ಟು ‘ಫಿಲ್ಟರಿಗೆ’ ಎಂದರೆ ಬೀಸಿಕೊಡುತ್ತಾರೆ. ಅದೇ ಪುಡಿಯನ್ನು ಈ ಯಂತ್ರಕ್ಕೆ ಹಾಕಿದರೆ ಏನು ಕೊರತೆ?

ಬರ್_ಬಿಚ್ಚಿದವ (ಹುಬ್ಬಳ್ಳಿ)

ಕೊರತೆಯನ್ನು ಲೆಕ್ಕದಲ್ಲಿಯೇ ಹೇಳುತ್ತೇನೆ. ಹಿತ್ತಾಳೆ ಫಿಲ್ಟರಿನಲ್ಲಿ ನೀರನ್ನು ಕೆಳಗಿಳಿಸುವುದು ಅದರ ಸ್ವಂತ ಭಾರ ಮಾತ್ರ, ಆದ್ದರಿಂದ ಡಿಕಾಕ್ಷನ್ ಹನಿಹನಿಯಾಗಿ ಇಳಿಯುತ್ತದೆ. ಎಸ್ಪ್ರೆಸೊ ಯಂತ್ರದಲ್ಲಿ ಸುಮಾರು 9 ಬಾರ್ ಒತ್ತಡವಿರುತ್ತದೆ. 58 ಮಿಲಿಮೀಟರ್ ಅಗಲದ ಬಾಸ್ಕೆಟ್ಟಿಗೆ ಲೆಕ್ಕ ಹಾಕಿದರೆ, ಪುಡಿಯ ಬಿಲ್ಲೆಯ ಮೇಲೆ ಸುಮಾರು 240 ಕಿಲೋ ಭಾರ ಹೇರಿದಂತಾಯಿತು. ಅಷ್ಟು ಭಾರದ ನೀರನ್ನು ಅರ್ಧ ನಿಮಿಷ ತಡೆದು ನಿಲ್ಲಿಸುವ ಕೆಲಸ ಪುಡಿಯ ನುಣುಪಿನದು. ಫಿಲ್ಟರ್ ಪುಡಿ ಆ ಭಾರ ತಡೆಯಲಾರದು, ಎಂಟು ಹತ್ತು ಸೆಕೆಂಡಿನಲ್ಲಿ ಸುರಿದುಹೋಗುತ್ತದೆ. ಅಂದಹಾಗೆ, ಪುಡಿ ಒತ್ತುವ ಟ್ಯಾಂಪರಿನಿಂದ 10 ಕಿಲೋ ಒತ್ತಬೇಕೋ 15 ಕಿಲೋ ಒತ್ತಬೇಕೋ ಎಂದು ತಲೆ ಕೆಡಿಸಿಕೊಳ್ಳುವವರೂ ಈ 240ನ್ನು ನೆನಪಿಡಬಹುದು. ಯಂತ್ರದ ಮುಖಕ್ಕೆ ಅಂಟಿಸಿದ ‘15 ಬಾರ್’ ಎಂಬ ಚೀಟಿ ಪಂಪಿನ ಗರಿಷ್ಠ ಸಾಮರ್ಥ್ಯವಷ್ಟೇ, ಕಾಫಿಗೆ ಅಷ್ಟು ಬೇಕಿಲ್ಲ.

ಇನ್ನು ಮೂಲ ಪ್ರಶ್ನೆ. ‘ಒಳಗೆ ಹೋದದ್ದು ಹೊರಗೆ ಬರಲೇಬೇಕಲ್ಲವೇ’ ಎಂದಿರಿ. ಬರುವುದಿಲ್ಲ. ಬರ್‌ಗಳ, ಅಂದರೆ ಬೀಜ ಅರೆಯುವ ಹಲ್ಲಿನ ಬಳೆಗಳ ಸುತ್ತ, ಪುಡಿ ಇಳಿಯುವ ದಾರಿಯಲ್ಲಿ ಒಂದೆರಡು ಗ್ರಾಂ ಉಳಿದೇ ಉಳಿಯುತ್ತದೆ. ನೀವು 10ಕ್ಕೆ ತಿರುಗಿಸಿದಾಗ ಮೊದಲು ಹೊರಬಂದದ್ದು 11ರ ತಂಗಳು ಪುಡಿ. 9ರಿಂದ 10ಕ್ಕೆ ಮರಳಿದಾಗ ಬಂದದ್ದರಲ್ಲಿ 9ರ ನುಣ್ಣನೆಯ ಪುಡಿ ಬೆರೆತಿತ್ತು. ಅಂಕಿ ಬದಲಿಸಿದಾಗಲೆಲ್ಲ ನಾಲ್ಕೈದು ಗ್ರಾಂ ಬೀಜ ಬೀಸಿ ಎಸೆಯಿರಿ. ಇಡೀ ಎಸ್ಪ್ರೆಸೊ ಎಸೆಯುವುದಕ್ಕಿಂತ ಅದು ಅಗ್ಗ. ನುಣ್ಣಗೆ ಮಾಡುವಾಗ ಮೋಟಾರ್ ಓಡುತ್ತಿರಲಿ. ನಿಂತ ಗ್ರೈಂಡರನ್ನು ತಿರುಗಿಸಿದರೆ ಹಲ್ಲುಗಳ ನಡುವೆ ಸಿಕ್ಕ ಬೀಜದ ಚೂರು ಅಡ್ಡ ನಿಂತು, ಮೇಲಿನ ಅಂಕಿ ಬದಲಾದರೂ ಒಳಗಿನ ಅಂತರ ಬದಲಾಗುವುದಿಲ್ಲ.

ಆದರೂ 13 ಸೆಕೆಂಡಿನಿಂದ ಪೂರ್ತಿ ಕಟ್ಟಿಕೊಳ್ಳುವವರೆಗಿನ ಜಿಗಿತಕ್ಕೆ ಇಷ್ಟೇ ಕಾರಣವೆಂದು ನನಗೆ ನಂಬಿಕೆಯಾಗುತ್ತಿಲ್ಲ. ಬಳಸಿದ ಗ್ರೈಂಡರ್ ಎಂದಿರಿ. ಒಂದು ಪರೀಕ್ಷೆ ಮಾಡಿ. ಬೀಜವೆಲ್ಲ ತೆಗೆದು, ಖಾಲಿ ಓಡಿಸುತ್ತ, ನಿಧಾನವಾಗಿ ನುಣ್ಣನೆಯ ಕಡೆಗೆ ತಿರುಗಿಸಿ. ಹಲ್ಲಿಗೆ ಹಲ್ಲು ತಾಕಿ ‘ಚಿರ್’ ಎಂದೊಡನೆ ನಿಲ್ಲಿಸಿ, ಅಂಕಿ ಬರೆದುಕೊಳ್ಳಿ, ಕೂಡಲೇ ಹಿಂದಕ್ಕೆ ತಿರುಗಿಸಿ. ಹೀಗೆ ಮೂರು ಬಾರಿ. ಮೂರೂ ಬಾರಿ ಒಂದೇ ಅಂಕಿ ಬರಬೇಕು.

ಅಡುಗೆಮನೆ_ಪ್ರಯೋಗ (ದಾವಣಗೆರೆ)

ನಡುವೆ ಬಾಯಿ ಹಾಕುತ್ತಿದ್ದೇನೆ. ನನ್ನದು ಇದಕ್ಕೆ ತದ್ವಿರುದ್ಧ ಸಮಸ್ಯೆ. 15ರಲ್ಲಿ ಬೀಸಲಿ, 8ರಲ್ಲಿ ಬೀಸಲಿ, ಒಂದೇ ವೇಗದಲ್ಲಿ ಇಳಿಯುತ್ತದೆ, ನೊರೆಯೂ ಒಂದೇ ಸಮ.

ಬರ್_ಬಿಚ್ಚಿದವ

ಬಾಸ್ಕೆಟ್ ತೆಗೆದು ಕಿಟಕಿಯ ಬೆಳಕಿಗೆ ಹಿಡಿದು ತಳ ನೋಡಿ.

ಅಡುಗೆಮನೆ_ಪ್ರಯೋಗ

ನೋಡಿದೆ. ಒಳಗಿನಿಂದ ನೂರಾರು ತೂತುಗಳಿವೆ, ಆದರೆ ಬೆಳಕು ನಡುವಿನ ಒಂದೇ ಚುಕ್ಕೆಯಲ್ಲಿ ಬರುತ್ತಿದೆ.

ಬರ್_ಬಿಚ್ಚಿದವ

ಅದು ಎರಡು ತಳದ ಬಾಸ್ಕೆಟ್. ನೀರನ್ನು ತಡೆಯುವ ಕೆಲಸವನ್ನು ಪುಡಿಯ ಬದಲು ಆ ಒಂದು ತೂತೇ ಮಾಡುತ್ತಿದೆ, ನೊರೆಯೂ ಅಲ್ಲಿಂದಲೇ ಹುಟ್ಟುತ್ತಿದೆ. ಅದನ್ನಿಟ್ಟುಕೊಂಡು ಅಂಕಿ ಹುಡುಕುವುದು ವ್ಯರ್ಥ. ಒಂದೇ ತಳದ ಬಾಸ್ಕೆಟ್ ಕೊಳ್ಳುವವರೆಗೆ ಅಂಗಡಿಯ ಪುಡಿ ಹಾಕಿಕೊಂಡು ನೆಮ್ಮದಿಯಾಗಿರಿ.

ಫಿಲ್ಟರ್_ಪಕ್ಷ

ನೋಡಿ, ಅಂಗಡಿಯ ಪುಡಿ ನಡೆಯುತ್ತದೆ ಎಂದು ಕೊನೆಗೂ ಒಬ್ಬರು ಒಪ್ಪಿಕೊಂಡರು.

ತೋಟದ_ಮನೆ

ಚಿಕೋರಿ ಬೆರೆಸಿದ್ದನ್ನು ಮಾತ್ರ ಹಾಕಬೇಡಿ ಮಾರಾಯರೆ. ಚಿಕೋರಿ ಫಿಲ್ಟರಿನಲ್ಲಿ ಚಂದ, ಈ ಯಂತ್ರದೊಳಗೆ ಹೊಕ್ಕರೆ ಅಂಟಂಟಾಗಿ ತೊಳೆಯುವವರ ಪ್ರಾಣ ಹೋಗುತ್ತದೆ.

ಕುಡ್ಲದ_ಮಳೆ (ಮಂಗಳೂರು)

ಗಾಳಿಯ ತೇವವನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಜೂನ್ ಬಂತೆಂದರೆ ನಮ್ಮಲ್ಲಿ ಹಪ್ಪಳವೂ ಮೆತ್ತಗಾಗುತ್ತದೆ, ಕಾಫಿ ಬೀಜಕ್ಕೆ ಬೇರೆ ವಿನಾಯಿತಿ ಉಂಟೇ? ಮೇ ತಿಂಗಳ ಅಂಕಿ ಜುಲೈಯಲ್ಲಿ ನನಗೆ ಒಮ್ಮೆಯೂ ಹೊಂದಿಲ್ಲ. ಡಬ್ಬಿಯಿಂದ ಆ ಹೊತ್ತಿಗೆ ಬೇಕಾದಷ್ಟು ಬೀಜ ಮಾತ್ರ ತೆಗೆದು ತಕ್ಷಣ ಮುಚ್ಚುವುದನ್ನು ಕಲಿತ ಮೇಲೆ ಸ್ವಲ್ಪ ಸುಧಾರಿಸಿತು.

ಹಿಮದೂರು_ಕನ್ನಡತಿ (ಮಿನ್ನೆಸೋಟ)

ನಮ್ಮದು ಅದರ ವಿರುದ್ಧ ತುದಿ. ಜನವರಿಯಲ್ಲಿ ಮನೆಯೊಳಗಿನ ಹೀಟರ್ ಗಾಳಿಯನ್ನು ಎಷ್ಟು ಒಣಗಿಸುತ್ತದೆಂದರೆ, ಗ್ರೈಂಡರಿನಿಂದ ಹೊರಬಂದ ಪುಡಿ ಬಟ್ಟಲಿಗೆ ಬೀಳುವ ಬದಲು ಅದರ ಹೊರಮೈಗೂ ನನ್ನ ಸ್ವೆಟರಿಗೂ ಜಿಗಿದು ಅಂಟಿಕೊಳ್ಳುತ್ತದೆ. ಸ್ಥಿರ ವಿದ್ಯುತ್ತಿನ ಆಟ. ಚಮಚದ ಹಿಂಬದಿಯನ್ನು ನೀರಿನಲ್ಲಿ ಅದ್ದಿ ಬೀಜವನ್ನು ಒಮ್ಮೆ ಕಲಕಿ ಬೀಸಿದರೆ ಈ ತೊಂದರೆ ಬಹುಪಾಲು ಹೋಗುತ್ತದೆ. ಇದು ಬರೀ ಮನೆಮದ್ದಲ್ಲ. ಜ್ವಾಲಾಮುಖಿಯ ಬೂದಿಯಲ್ಲಿ ಮಿಂಚು ಹುಟ್ಟುವುದನ್ನು ಅಧ್ಯಯನ ಮಾಡುವ ವಿಜ್ಞಾನಿಗಳೂ ಆರೆಗನ್ ವಿಶ್ವವಿದ್ಯಾಲಯದ ಕ್ರಿಸ್ಟೊಫರ್ ಹೆಂಡನ್ ಅವರೂ ಸೇರಿ ಇದನ್ನೇ ಅಳೆದು 2023ರಲ್ಲಿ ‘ಮ್ಯಾಟರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಒಂದು ಎಚ್ಚರಿಕೆ: ನೀರು ಸೋಕಿಸಿ ಬೀಸಿದ ಪುಡಿಯಲ್ಲಿ ಗಂಟು ಕಡಿಮೆಯಾಗುವುದರಿಂದ ಅದೇ ಅಂಕಿಯಲ್ಲಿ ಕಾಫಿ ಇನ್ನಷ್ಟು ನಿಧಾನವಾಗಿ ಇಳಿಯುತ್ತದೆ. ಒಂದು ದಿನ ನೀರು ಸೋಕಿಸಿ, ಇನ್ನೊಂದು ದಿನ ಮರೆತರೆ ಲೆಕ್ಕ ತಪ್ಪುತ್ತದೆ.

ಇಪ್ಪತ್ತೈದು_ಸೆಕೆಂಡು

ಹವಾಮಾನದ ಮಾತು ಬಂದದ್ದರಿಂದ ಹೇಳುತ್ತೇನೆ, ಬೆಂಗಳೂರು ಎತ್ತರದಲ್ಲಿದೆ, ನೀರು ಇಲ್ಲಿ 97 ಡಿಗ್ರಿಗೇ ಕುದಿಯುತ್ತದೆ. ಆದ್ದರಿಂದ ನಾವು ಕರಾವಳಿಯವರಿಗಿಂತ ನುಣ್ಣಗೆ ಬೀಸಬೇಕಾಗುತ್ತದೆ.

ಬರ್_ಬಿಚ್ಚಿದವ

97 ಸರಿ, ‘ಆದ್ದರಿಂದ’ ತಪ್ಪು. ಎಸ್ಪ್ರೆಸೊಗೆ ಬೇಕಾದದ್ದು ಸುಮಾರು 93 ಡಿಗ್ರಿಯ ನೀರು, ಅದು ಬೆಂಗಳೂರಿನಲ್ಲಿಯೂ ಕುದಿಯುವ ಬಿಂದುವಿಗಿಂತ ಕೆಳಗೇ ಇದೆ. ಜೊತೆಗೆ ಬಾಯ್ಲರಿನ ಒಳಗೆ ಒತ್ತಡವಿರುವುದರಿಂದ ಹೊರಗಿನ ಎತ್ತರ ಅಲ್ಲಿ ಲೆಕ್ಕಕ್ಕೇ ಬರುವುದಿಲ್ಲ.

ಇಪ್ಪತ್ತೈದು_ಸೆಕೆಂಡು

ಒಪ್ಪಿದೆ. ಹಿಂತೆಗೆದುಕೊಳ್ಳುತ್ತೇನೆ.

ಲೋಟ_ಬಟ್ಟಲು

ಈ ದಿನಾಂಕವನ್ನು ಬರೆದಿಟ್ಟುಕೊಳ್ಳುತ್ತಿದ್ದೇನೆ.

ನಾಲಗೆಯೇ_ಸಾಕ್ಷಿ

ಹೆಂಡನ್ ಅವರ ಹೆಸರು ಬಂದದ್ದು ಒಳ್ಳೆಯದಾಯಿತು. 2020ರಲ್ಲಿ ಅವರ ಗುಂಪು ಅದೇ ಪತ್ರಿಕೆಯಲ್ಲಿ, ಅತಿ ನುಣ್ಣಗೆ ಬೀಸಿದರೆ ಬಿಲ್ಲೆಯ ಕೆಲವು ಭಾಗ ಕಟ್ಟಿಕೊಂಡು ನೀರು ಉಳಿದ ಭಾಗದಲ್ಲಿ ಮಾತ್ರ ಹರಿಯುತ್ತದೆ, ಸಾರವೂ ಕಡಿಮೆಯಾಗುತ್ತದೆ, ಒಂದು ಬಾರಿ ಬಂದ ರುಚಿ ಇನ್ನೊಂದು ಬಾರಿ ಬರುವುದಿಲ್ಲ ಎಂದು ತೋರಿಸಿತ್ತು. ಪುಡಿಯನ್ನು 20 ಗ್ರಾಂನಿಂದ 15ಕ್ಕೆ ಇಳಿಸಿ ಸ್ವಲ್ಪ ತರಿಯಾಗಿ ಬೀಸುವುದು ಅವರ ಸಲಹೆಯಾಗಿತ್ತು. ‘ಬೇಗ ಬಂದರೆ ನುಣ್ಣಗೆ ಮಾಡಿ, ಇಷ್ಟೇ ವಿಷಯ’ ಎಂದವರು ಗಮನಿಸಬೇಕು. ನುಣ್ಣಗೆ ಮಾಡಿದಾಗಲೇ ಬಿರುಕುಬಿಟ್ಟು ಇನ್ನೂ ಬೇಗ ಬರುವುದೂ ಉಂಟು.

ಹೊಸ_ಗುಟುಕು, ಭಾನುವಾರ ಬೆಳಿಗ್ಗೆ 8.15

ಪರೀಕ್ಷೆ ಮಾಡಿದೆ. ಮೊದಲ ಬಾರಿ 4ರಲ್ಲಿ ‘ಚಿರ್’ ಎಂದಿತು. ಎರಡನೆಯ ಬಾರಿ 2ರಲ್ಲಿ. ಮೂರನೆಯ ಬಾರಿ ಮತ್ತೆ 4. ಇದರ ಅರ್ಥವೇನು?

ಬರ್_ಬಿಚ್ಚಿದವ

ಮೇಲಿನ ಬಳೆ ತನ್ನ ಜಾಗದಲ್ಲಿ ಕೂತಿಲ್ಲ, ಅಲ್ಲಾಡುತ್ತಿದೆ ಎಂದರ್ಥ. ಪ್ಲಗ್ ಕಿತ್ತು, ಬೀಜದ ಬುಟ್ಟಿ ತೆಗೆದು, ಬಳೆಯನ್ನು ಮೇಲಕ್ಕೆತ್ತಿ ಅದು ಕೂರುವ ಅಂಚನ್ನು ನೋಡಿ. ನೀರು ತಾಗಿಸಬೇಡಿ, ಹಳೆಯ ಹಲ್ಲುಜ್ಜುವ ಬ್ರಷ್ ಸಾಕು.

ಹೊಸ_ಗುಟುಕು, ಭಾನುವಾರ ಮಧ್ಯಾಹ್ನ 1.30

ತೆಗೆದು ನೋಡಿದೆ. ಬಳೆ ಕೂರುವ ಅಂಚಿನ ಸುತ್ತ, ಹಲ್ಲಿನ ಮೇಲೆ ಪಾಚಿ ಕಟ್ಟಿದ ಹಾಗೆ, ಗಟ್ಟಿಯಾಗಿ ಒತ್ತಿಕೊಂಡ ಹಳೆಯ ಪುಡಿ. ಒಂದು ಬದಿಯಲ್ಲಿ ದಪ್ಪ, ಇನ್ನೊಂದು ಬದಿಯಲ್ಲಿ ತೆಳು, ಆದ್ದರಿಂದ ಬಳೆ ವಾರೆಯಾಗಿ ಕೂತಿತ್ತು. ವಾಸನೆ ಕಮಟು ಹಿಡಿದ ಕಡಲೆಕಾಯಿ ಎಣ್ಣೆಯದೇ. ಬ್ರಷ್ ಸಾಲದೆ ಹಲ್ಲುಕಡ್ಡಿಯಿಂದ ಕೆರೆದು ತೆಗೆಯಬೇಕಾಯಿತು. ತಕ್ಕಡಿಯಲ್ಲಿಟ್ಟರೆ 6 ಗ್ರಾಂ. ಅದರಲ್ಲಿ ಮಾರಿದವರು ಕುಡಿದ ಕಾಫಿ ಎಷ್ಟೋ, ನನ್ನದು ಎಷ್ಟೋ.

ಮತ್ತೆ ಜೋಡಿಸಿ ಪರೀಕ್ಷಿಸಿದರೆ ಮೂರೂ ಬಾರಿ 6ರಲ್ಲಿಯೇ ತಾಕಿತು. ಅಲ್ಲಿಂದ 14ಕ್ಕೆ ಇಟ್ಟು, ಐದು ಗ್ರಾಂ ಬೀಸಿ ಎಸೆದು, ಹೊರಬಂದ ಪುಡಿಯನ್ನೂ ತೂಗಿ 18 ಗ್ರಾಂ ಹಾಕಿದೆ: 36 ಗ್ರಾಂಗೆ 22 ಸೆಕೆಂಡು. ಓಡುತ್ತಿರುವಾಗಲೇ 13ಕ್ಕೆ ತಿರುಗಿಸಿ ಪುನಃ ಐದು ಗ್ರಾಂ ಎಸೆದೆ: 28 ಸೆಕೆಂಡು. ಮೊದಲ ಹನಿ ಕಪ್ಪಾಗಿ ಬಂದು, ಆಮೇಲೆ ಎರಡು ಮೂತಿಗಳಿಂದಲೂ ಇಲಿಬಾಲದಷ್ಟು ಸಣ್ಣ ಧಾರೆ ಒಂದೇ ಸಮನೆ ಇಳಿಯಿತು. ಅಮ್ಮ ಒಂದು ಗುಟುಕು ಕುಡಿದು, ಡಿಕಾಕ್ಷನ್ ಪರವಾಗಿಲ್ಲ, ಹಾಲು ಎಲ್ಲಿ ಎಂದರು.

ಫಿಲ್ಟರ್_ಪಕ್ಷ

ನಿಮ್ಮ ತಾಯಿಯವರಿಗೆ ನನ್ನ ನಮಸ್ಕಾರ ತಿಳಿಸಿ.

ಇಪ್ಪತ್ತೈದು_ಸೆಕೆಂಡು

28! ಹೇಳಿದ್ದೆನಲ್ಲ.

ನಾಲಗೆಯೇ_ಸಾಕ್ಷಿ

ಯಾವ 28? ಪಂಪು ಶುರುವಾದಾಗಿನಿಂದಲೋ, ಮೊದಲ ಹನಿ ಬಿದ್ದಾಗಿನಿಂದಲೋ? ನನ್ನ ಯಂತ್ರದಲ್ಲಿ ಇವೆರಡರ ನಡುವೆಯೇ 7 ಸೆಕೆಂಡು ಇರುತ್ತದೆ.

ಇಪ್ಪತ್ತೈದು_ಸೆಕೆಂಡು

ಗುಂಡಿ ಒತ್ತಿದಾಗಿನಿಂದ. ಇದರಲ್ಲಿ ಚರ್ಚೆಗೆ ಆಸ್ಪದವೇ ಇಲ್ಲ.

ಕುಡ್ಲದ_ಮಳೆ

ಆಸ್ಪದ ಇದೆ. ನಾನು ಮೊದಲ ಹನಿಯಿಂದ ಎಣಿಸುತ್ತೇನೆ. ಯಾವುದಾದರೂ ಆಗಬಹುದು, ದಿನವೂ ಒಂದೇ ರೀತಿ ಎಣಿಸಿದರಾಯಿತು.

ನಿರ್ವಾಹಕರು

ಈ ವಾದಕ್ಕೆಂದೇ ಹಿಂದೆ ಎರಡು ಬಾರಿ ಬೇರೆ ಎಳೆ ತೆರೆದು, ಎರಡನ್ನೂ ಮುಚ್ಚಬೇಕಾಗಿ ಬಂದಿದೆ. ದಯವಿಟ್ಟು ಗ್ರೈಂಡರಿಗೆ ಹಿಂತಿರುಗಿ.

ಹೊಸ_ಗುಟುಕು, ಗುರುವಾರ ಬೆಳಿಗ್ಗೆ 7.05

ಮತ್ತೆ ತೊಂದರೆ ಕೊಡುತ್ತಿದ್ದೇನೆ. ಹಳೆಯ ಪೊಟ್ಟಣ ಮುಗಿದು, ಅದೇ ಅಂಗಡಿಯ ಅದೇ ಬೀಜದ ಹೊಸ ಪೊಟ್ಟಣ ಒಡೆದೆ. ಹುರಿದು 8 ದಿನ. ಅದೇ 13, ಅದೇ 18 ಗ್ರಾಂ, ಆದರೆ ಇಂದು 20 ಸೆಕೆಂಡಿಗೇ 36 ಗ್ರಾಂ ಇಳಿದಿದೆ. 12ಕ್ಕೆ ಇಳಿಸಲೇ, ಇಲ್ಲವೇ ಪುಡಿಯನ್ನು ಅರ್ಧ ಗ್ರಾಂ ಹೆಚ್ಚಿಸಲೇ?

ತೋಟದ_ಮನೆ

ಹೊಸ ಪೊಟ್ಟಣ ಎಂದರೆ ಹೊಸ ಲೆಕ್ಕ. ಇದಕ್ಕೆ ಗಾಬರಿ ಬೇಡ.

ನಾಲಗೆಯೇ_ಸಾಕ್ಷಿ

ರುಚಿ ಹೇಗಿದೆ?

ಹೊಸ_ಗುಟುಕು

ಇನ್ನೂ ಕುಡಿದಿಲ್ಲ. ತಕ್ಕಡಿಯ ಮೇಲೆಯೇ ಇದೆ.